ಯೆರೆಮೀಯನ ಸೇವೆ: ನಾಲ್ಕು ವಾರಕ್ಕೆ ಯಾವ ಅಧ್ಯಾಯ ಹಿಡಿಯಬೇಕು?

ಪ್ರಶ್ನೆ: ಎಲ್ಲರಿಗೂ ವಂದನೆಗಳು. ಯೌವನಸ್ಥರ ಕೂಟದಲ್ಲಿ ನಾಲ್ಕು ಭಾನುವಾರ, ತಲಾ 40 ನಿಮಿಷ, ಬೈಬಲಿನ ಪ್ರವಾದಿ ಯೆರೆಮೀಯನ ಜೀವನದಿಂದ ನಂಬಿಗಸ್ತ ಸೇವೆಯ ಪಾಠ ನಡೆಸಬೇಕು. ಅವನ ಪುಸ್ತಕದ 52 ಅಧ್ಯಾಯ ಓದಿಸಿ ಮುಗಿಯುವ ಮಾತಲ್ಲ. ನಡೆಸಿ ಗೊತ್ತಿರುವವರು ತಿಳಿಸಿ.

ಉತ್ತರ 1: ಬ್ರದರ್, ಅಧ್ಯಾಯದ ಕ್ರಮ ನಂಬಿದರೆ ದಾರಿ ತಪ್ಪುತ್ತದೆ. 32ನೇ ಅಧ್ಯಾಯ ಯೆಹೂದದ ಅರಸ ಚಿದ್ಕೀಯನ 10ನೇ ವರ್ಷದ್ದು. 36ನೆಯದು ಅದಕ್ಕೂ ಹಿಂದಿನ ಅರಸ ಯೆಹೋಯಾಕೀಮನ ಕಾಲದ್ದು. ಮೊದಲ ದಿನವೇ ಅರಸರ ಹೆಸರು ಬೋರ್ಡಿನ ಮೇಲೆ ಸಾಲಾಗಿ ಬರೆದುಬಿಡಿ. ಪಾಠವನ್ನು 25:3ರಿಂದ (25ನೇ ಅಧ್ಯಾಯ, 3ನೇ ವಚನ) ಶುರುಮಾಡಿ. 23 ವರ್ಷ ಹೇಳುತ್ತಲೇ ಬಂದೆ, ನೀವು ಕಿವಿಗೊಡಲಿಲ್ಲ ಎಂದು ಯೆರೆಮೀಯನೇ ಲೆಕ್ಕ ಒಪ್ಪಿಸುವ ಜಾಗ ಅದು. ಅವನಿಗೆ ದೇವರ ಕರೆ ಬಂದ 1ನೇ ಅಧ್ಯಾಯದಿಂದ ಹೊರಟರೆ ಎಲ್ಲರೂ ತಂತಮ್ಮ ಸಾಕ್ಷಿ ಹೇಳಲು ಎದ್ದು ನಿಲ್ಲುತ್ತಾರೆ, ಹೊತ್ತು ಅಲ್ಲಿಗೇ ಮುಗಿಯುತ್ತದೆ.

ಉತ್ತರ 2: ಎರಡನೇ ವಾರಕ್ಕೆ 36 ಒಂದೇ ಸಾಕು, ಅದರಲ್ಲಿ ಅಷ್ಟಿದೆ. ಯೆರೆಮೀಯ ಹೇಳಿದ, ಅವನ ಬರಹಗಾರ ಬಾರೂಕ ಸುರುಳಿಯಲ್ಲಿ ಬರೆದ. ಯೆರೆಮೀಯ ದೇವಾಲಯಕ್ಕೆ ಹೋಗುವಂತಿರಲಿಲ್ಲ. ಊರೂರಿನ ಜನ ಸೇರುವ ಉಪವಾಸದ ದಿನ ನೋಡಿ ಬಾರೂಕನೇ ಓದಿದ. ಆಮೇಲೆ ಅಧಿಕಾರಿಗಳ ಮುಂದೆಯೂ ಓದಿದ. ಕೊನೆಗೆ ಅರಸನ ಮುಂದೆ ಓದಿದವನು ಯೆಹೂದಿ ಎಂಬ ಹೆಸರಿನವನು. ಒಂಬತ್ತನೇ ತಿಂಗಳು, ಚಳಿ, ಎದುರಿಗೆ ಅಗ್ಗಿಷ್ಟಿಕೆ. ಮೂರು ನಾಲ್ಕು ಅಂಕಣ ಓದಿದ ಹಾಗೆಲ್ಲ ಅರಸ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದ. ಪಾಠ ಇರುವುದು 32ನೇ ವಚನದಲ್ಲಿ: ಇನ್ನೊಂದು ಸುರುಳಿ, ಹಳೆಯ ಮಾತೆಲ್ಲ ಮತ್ತೆ, ಜೊತೆಗೆ ಇನ್ನಷ್ಟು.

ಹುಡುಗರಿಗೆ ಎಂಟು ನಿಮಿಷ ಉಕ್ತಲೇಖನ ಕೊಡಿ, ಹಾಳೆ ವಾಪಸ್ ತಗೊಂಡು ಹರಿಯಿರಿ, ‘ಮತ್ತೆ ಬರೆಯಿರಿ’ ಅನ್ನಿ. ವಚನ ಬರೆಸಬೇಡಿ, ಹರಿದರೆ ಹಿರಿಯರು ನೊಂದುಕೊಳ್ಳುತ್ತಾರೆ. ಸಭೆಯ ಪ್ರಕಟಣೆ ಬರೆಸಿ. ಗೊಣಗಾಟ ಏಳುತ್ತದಲ್ಲ, ಆಗಲೇ 45 ಓದಿಸಿ. ಐದೇ ವಚನ, ಬಾರೂಕನೂ ಗೊಣಗಿದ್ದ.

ಉತ್ತರ 3: ಮೂರನೇ ವಾರ 32. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ, ಪ್ರವಾದಿ ಕಾವಲಲ್ಲಿ, ಆಗ ತನ್ನ ಹುಟ್ಟೂರು ಅನಾತೋತಿನ ಹೊಲ ಕೊಳ್ಳಲು 17 ಶೆಕೆಲ್ (ಆಗಿನ ತೂಕದ ಅಳತೆ) ಬೆಳ್ಳಿ ತೂಗಿ ಕೊಟ್ಟ. ಸಾಕ್ಷಿಗಳ ಸಹಿ ಬಿತ್ತು. ಮುದ್ರೆ ಹಾಕಿದ ಕ್ರಯಪತ್ರ ಒಂದು, ತೆರೆದದ್ದು ಒಂದು, ಎರಡೂ ಮಣ್ಣಿನ ಪಾತ್ರೆಗೆ. ಇದನ್ನು ‘ಜಮೀನಿನ ಆಶೀರ್ವಾದ’ ಎಂದು ಸಾರುವವರಿದ್ದಾರೆ. ಆದರೆ ಆ ಹೊಲದಿಂದ ಅವನು ಒಂದು ಹಿಡಿ ಕಾಳು ತಂದ ಮಾತು ಎಲ್ಲೂ ಇಲ್ಲ. ಪತ್ರ ಮುಗಿಸಿದ ಮೇಲೆಯೇ ‘ಪಟ್ಟಣ ಕೈಬಿಡುತ್ತಿರುವಾಗ ಇದೇಕೆ’ ಎಂದು ಪ್ರಾರ್ಥನೆಯಲ್ಲಿ ಕೇಳಿದ (32:25). ವಿಧೇಯತೆ ಮೊದಲು, ಪ್ರಶ್ನೆ ಆಮೇಲೆ; ಆ ಕ್ರಮ ತೋರಿಸಿ.

ಉತ್ತರ 4: ‘ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವೆನು’ ಎಂಬ 29:11 ಯಾರಾದರೂ ಎತ್ತಿಯೇ ಎತ್ತುತ್ತಾರೆ. ಮೊದಲು 10ನೇ ವಚನ ಓದಿಸಿ: ಅದಕ್ಕೂ ಮುಂಚೆ ಬಾಬೆಲಿಗೆ 70 ವರ್ಷ ತುಂಬಬೇಕು.

ಪ್ರಶ್ನೆ ಕೇಳಿದವರು: ಧನ್ಯವಾದ. 20ನೇ ಅಧ್ಯಾಯದಲ್ಲಿ ಹುಟ್ಟಿದ ದಿನವನ್ನೇ ಶಪಿಸುತ್ತಾನಲ್ಲ, ಬಿಟ್ಟುಬಿಡಲೇ?

ಉತ್ತರ 1: ಬೇಡ. ಮೊದಲ ವಾರವೇ 25ರ ಜೊತೆಗೆ ಇಡಿ. ಅದನ್ನು ಮುಚ್ಚಿಟ್ಟರೆ ಸೋತ ಹುಡುಗರು ತಮಗೆ ಮಾತ್ರ ಹೀಗಾಗಿದೆ ಎಂದುಕೊಂಡು ಕೂಟ ಬಿಡುತ್ತಾರೆ.

ಉತ್ತರ 3: ಕೊನೆಯ ವಾರ 38. ಆದರೆ ಕೆಸರಿನ ಬಾವಿಗೆ ಇಳಿಸಲ್ಪಟ್ಟ ಯೆರೆಮೀಯನನ್ನಲ್ಲ, ಎತ್ತಿದವನನ್ನು ನೋಡಿ. ಕೂಷ್ಯನಾದ (ಈಜಿಪ್ಟಿನ ದಕ್ಷಿಣದ ನಾಡಿನವನಾದ) ಎಬೆದ್ಮೆಲೆಕ ಅರಸನ ಅಪ್ಪಣೆ ಪಡೆದು, ಜನ ಕರಕೊಂಡು, ಹಗ್ಗದ ಜೊತೆ ಹಳೇ ಬಟ್ಟೆ ಚಿಂದಿಯನ್ನೂ ಇಳಿಸಿದ. ಕೆಸರಿನಿಂದ ಎಳೆಯುವಾಗ ಹಗ್ಗ ಕಂಕುಳು ಕೊಯ್ಯಬಾರದಲ್ಲ. ಚಾಪೆ ಹಾಸುವ, ಮೈಕ್ ಕಟ್ಟುವ ಹುಡುಗರಿಗೆ ಆ ಚಿಂದಿ ಬೇಗ ಅರ್ಥವಾಗುತ್ತದೆ.