ಮಾಟವಾದ ಮೂಗಿಗೂ ಮಾಟ-ಮಂತ್ರಕ್ಕೂ ಏನು ನಂಟು?

ಪ್ರಶ್ನೆ:
ಮೊನ್ನೆ ನಾಮಕರಣದ ಮನೆಯಲ್ಲಿ ನಮ್ಮ ಅತ್ತೆ ಕೂಸಿನ ಮುಖ ನೋಡಿ, "ಮೂಗು ಎಷ್ಟು ಮಾಟವಾಗಿದೆ!" ಎಂದರು. ಎಂಟು ವರ್ಷದ ನನ್ನ ಮಗಳು ಬೆಚ್ಚಿ, "ಪಾಪುವಿಗೆ ಯಾರು ಮಾಟ ಮಾಡಿಸಿದರು?" ಎಂದು ಕೇಳಿದಳು. ಎಲ್ಲರೂ ನಕ್ಕರು, ಉತ್ತರ ಯಾರ ಬಳಿಯೂ ಇರಲಿಲ್ಲ. ಚೆಲುವಿಗೂ ಮಂತ್ರಿಸಿದ ನಿಂಬೆಹಣ್ಣಿಗೂ ಒಂದೇ ಪದ ಹೇಗೆ ಬಂತು?

ಉತ್ತರ 1:
ಎರಡೂ ಬೇರೆ ಬೇರೆ ಪದಗಳಿರಬೇಕು. ಕಾಡು ಎಂದರೆ ಅಡವಿಯೂ ಹೌದು, ಪೀಡಿಸು ಎಂದೂ ಹೌದಲ್ಲವೇ?

ಉತ್ತರ 2:
ಇಲ್ಲ, ಒಂದೇ ಪದ. ಆಡು-ಆಟ, ಓಡು-ಓಟ, ನೋಡು-ನೋಟ ಇದ್ದಂತೆ ಮಾಡು-ಮಾಟ. ಮಾಡಿದ್ದು, ಮಾಡಿದ ರೀತಿ, ಅಷ್ಟೇ.

ನಮ್ಮ ತಂದೆ ಬಡಗಿ. ಬಾಗಿಲ ಚೌಕಟ್ಟು ಕೂಡಿಸಿದ ಮೇಲೆ ಸಂದಿಯ ಮೇಲೆ ಹೆಬ್ಬೆರಳ ಉಗುರು ಎಳೆಯುತ್ತಿದ್ದರು. ಉಗುರು ಎಲ್ಲೂ ತಡೆಯದಿದ್ದರೆ ಮಾತ್ರ "ಮಾಟವಾಗಿ ಕೂತಿತು" ಎನ್ನುತ್ತಿದ್ದರು. ಕೆತ್ತನೆ ಎಷ್ಟೇ ಚೆಂದವಿದ್ದರೂ ಸಂದಿ ಬಿಟ್ಟಿದ್ದರೆ ಆ ಮಾತು ಅವರ ಬಾಯಿಂದ ಬರುತ್ತಿರಲಿಲ್ಲ. ಕೂಸಿನ ಮೂಗಿಗೂ ಅದೇ ಅಳತೆ: ತಿದ್ದಿ ತೀಡಿದಂತಿದೆ ಎಂದು.

ಮಂತ್ರದ ಅರ್ಥ ಅಂಟಿದ್ದು ಹೆದರಿಕೆಯಿಂದ ಎಂದು ನನ್ನ ಊಹೆ. ಕರೆಯುವ ಹಸು ಇದ್ದಕ್ಕಿದ್ದಂತೆ ಬತ್ತಿದರೆ ನಮ್ಮೂರಿನಲ್ಲಿ ದನಿ ತಗ್ಗಿಸಿ, "ಯಾರೋ ಮಾಡಿಸಿದ್ದಾರೆ" ಎನ್ನುತ್ತಾರೆ. ಏನನ್ನು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಕೇಳುವವರೂ ಇಲ್ಲ. ಸಂಸ್ಕೃತದಲ್ಲೂ ಹೀಗೆಯೇ: 'ಮಾಡು' ಎಂಬ ಅರ್ಥದ 'ಕೃ' ಧಾತುವಿನಿಂದ ಹುಟ್ಟಿದ 'ಕೃತ್ಯಾ' ಎಂದರೆ ಕೆಲಸವೂ ಹೌದು, ಅಭಿಚಾರವೂ, ಅಂದರೆ ಕೇಡಿನ ಮಾಟವೂ ಹೌದು. (ವಾಮಾಚಾರ ತಡೆಯಲು ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೇ ತಂದಿತು. ಮಾಟವಾದ ಬಾಗಿಲಿಗೆ ಅದು ಅನ್ವಯಿಸುವುದಿಲ್ಲ, ಬಡಗಿಗಳು ಹೆದರಬೇಕಿಲ್ಲ.)

ಉತ್ತರ 3:
'ಗಾರುಡಿ' ನಡೆದದ್ದು ತಿರುವುಮುರುವಾಗಿ. ಗರುಡ ಮಂತ್ರದಿಂದ ಹಾವಿನ ವಿಷ ಇಳಿಸುವವನು ಗಾರುಡಿಗ. ಆಮೇಲೆ ಹಾವಾಡಿಸುವವನು, ಕಣ್ಕಟ್ಟಿನವನು ಎಲ್ಲರೂ ಗಾರುಡಿಗರೇ ಆದರು. ಕಡೆಗೆ ಬೇಂದ್ರೆಯವರನ್ನು 'ಶಬ್ದಗಾರುಡಿಗ' ಎಂದಾಗ ಅದು ಬಿರುದೇ ಆಯಿತು. 'ಶಬ್ದಮಾಟಗಾರ' ಎಂದಿದ್ದರೆ ಧಾರವಾಡದವರು ಸುಮ್ಮನಿರುತ್ತಿರಲಿಲ್ಲ.

ಪ್ರಶ್ನೆ ಕೇಳಿದವಳು:
ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. "ಹಾಗಾದರೆ ಅಜ್ಜಿ ಹೋಳಿಗೆಯ ಮಾಟಗಾತಿ" ಎಂದು ಈಗಲೇ ಹೇಳಿ ಬರಲು ಹೊರಟಿದ್ದಳು. ಬಾಗಿಲಲ್ಲಿ ಹಿಡಿದು ನಿಲ್ಲಿಸಿದ್ದೇನೆ.