ಸಾರ್ಕೋಪೀನಿಯಾಗೆ ಕನ್ನಡದಲ್ಲಿ ಏನನ್ನೋಣ? ಸ್ನಾಯುಕ್ಷಯ ಸರೀನಾ?

ಎಲ್ರಿಗೂ ನಮಸ್ಕಾರ. ವಯಸ್ಸಾಗ್ತಾ ಆಗ್ತಾ ಕೈಕಾಲಿನ ಮಾಂಸಖಂಡ ಕರಗಿ ಕಸುವು ಇಳೀತಾ ಹೋಗತ್ತಲ್ಲ, ಅದಕ್ಕೆ ಡಾಕ್ಟ್ರುಗಳು ಸಾರ್ಕೋಪೀನಿಯಾ ಅಂತಾರೆ. ನಮ್ಮ ಏರಿಯಾದ ಹಿರಿಯರಿಗೋಸ್ಕರ ಇದರ ಬಗ್ಗೆ ಒಂದು ಕರಪತ್ರ ಬರೀತಿದೀನಿ, ತಲೆಬರಹಕ್ಕೇ ಪದ ಸಿಗ್ತಿಲ್ಲ.

ಸ್ನಾಯುಕ್ಷಯ ಅಂತ ಬರೆಯೋದು ನೋಡಿದೀನಿ, ನಂಗೆ ಒಪ್ಪಿಗೆ ಆಗ್ತಿಲ್ಲ. ಕ್ಷಯ ಅಂದ ತಕ್ಷಣ ಹಳಬರಿಗೆ ಟಿಬಿನೇ ನೆನಪಾಗೋದು, ಮೇಲಾಗಿ ಮಕ್ಕಳಲ್ಲಿ ಬರೋ ಮಸ್ಕ್ಯುಲರ್ ಡಿಸ್ಟ್ರೋಫಿ ಅನ್ನೋ ಮಾಂಸಖಂಡದ ಕಾಯಿಲೆಗೂ ಇದೇ ಥರದ ಹೆಸರು ಓಡಾಡ್ತಿದೆ. ಆಯುರ್ವೇದದಲ್ಲಂತೂ ಸ್ನಾಯು ಅಂದ್ರೆ ಕಟ್ಟಿ ಹಿಡಿಯೋ ನಾರು, ಮಸಲ್‌ಗೆ ಅಲ್ಲಿ ಪೇಶಿ ಅನ್ನೋ ಬೇರೆ ಪದಾನೇ ಇದೆ.

ಮೂಲ ಪದ ಹಳೇದೇನಲ್ಲ. 1989ರಲ್ಲಿ ಅಮೆರಿಕದ ವೈದ್ಯ ಇರ್ವಿನ್ ರೋಸೆನ್‌ಬರ್ಗ್ ಗ್ರೀಕ್‌ನಿಂದ ಕಟ್ಟಿದ್ದು, ಸಾರ್ಕ್ಸ್ ಅಂದ್ರೆ ಮಾಂಸ, ಪೆನಿಯಾ ಅಂದ್ರೆ ಬಡತನ. ನಮ್ಮಲ್ಲೂ ಸೊರಗಿದೋರನ್ನ ಕಂಡ್ರೆ "ಏನೇ ಇಷ್ಟೊಂದು ಬಡವಾಗಿದೀಯ" ಅಂತೀವಲ್ಲ, ಅದು ನೆನಪಾಗಿ ತುಂಬಾ ಖುಷಿ ಆಯ್ತು. ಆದ್ರೆ ಬಡವಾಗಿದ್ದು ಕಣ್ಣಿಗೆ ಕಾಣತ್ತೆ, ಇದು ಎಷ್ಟೋ ಸಲ ಕಾಣಲ್ಲ, ಯಾಕಂದ್ರೆ ಖಂಡ ಕರಗಿದ ಕಡೆ ಕೊಬ್ಬು ಸೇರ್ಕೊಂಡು ತೂಕ ಹಾಗೇ ಇರಬಹುದು. ನಮ್ಮ ಚಿಕ್ಕಮ್ಮ ನೋಡೋಕೆ ಮೈಕೈ ತುಂಬ್ಕೊಂಡೇ ಇದಾರೆ, ಸೋಫಾದಿಂದ ಏಳ್ಬೇಕಾದ್ರೆ ಮಾತ್ರ ಎರಡೂ ಕೈ ಊರಿ, ಮುಂದಕ್ಕೆ ಬಾಗಿ, ಒಂದ್ಸಲ ಜೀಕಿ, ಆಮೇಲೆ ಏಳ್ತಾರೆ.

ಒಳಗೆ ಆಗೋದೇನಂದ್ರೆ, ಬೆನ್ನುಹುರಿಯಿಂದ ಖಂಡಗಳನ್ನ ಆಡಿಸೋ ನರಕೋಶಗಳು ವಯಸ್ಸಿನ ಜೊತೆ ಕಮ್ಮಿ ಆಗ್ತಾವೆ, ಅವು ನೋಡ್ಕೊಳ್ತಿದ್ದ ಖಂಡದ ಎಳೆಗಳಲ್ಲಿ ಒಂದಷ್ಟನ್ನ ಪಕ್ಕದ ನರ ವಹಿಸ್ಕೊಳ್ಳತ್ತೆ, ಉಳಿದವು ಸೊರಗಿ ಹೋಗ್ತಾವೆ. ಜಾಸ್ತಿ ಪೆಟ್ಟು ಬೀಳೋದು ಚುರುಕಿನ ಎಳೆಗಳಿಗೆ, ಎಡವಿದಾಗ ಥಟ್ಟಂತ ಕಾಲೂರಿ ಸಾವರಿಸ್ಕೊಳ್ಳೋಕೆ ಬೇಕಾಗೋದು ಅವೇ. ತಿಂದ ಪ್ರೋಟೀನಿಗೂ ವಯಸ್ಸಾದ ಖಂಡ ಮೊದಲಿನಷ್ಟು ಸ್ಪಂದಿಸಲ್ಲ. ಹೀಗಾಗಿ ಗಾತ್ರಕ್ಕಿಂತ ಕಸುವೇ ಬೇಗ ಇಳಿಯತ್ತೆ. ಏಷ್ಯಾದ ತಜ್ಞರು 2019ರಲ್ಲಿ ಹಾಕಿಕೊಟ್ಟ ಅಳತೆಯಲ್ಲೂ ಮೊದಲು ನೋಡೋದು ಮುಷ್ಟಿಯ ಹಿಡಿತ ಗಂಡಸರಿಗೆ 28 ಕೆಜಿ, ಹೆಂಗಸರಿಗೆ 18 ಕೆಜಿಗಿಂತ ಕಮ್ಮಿ ಇದೆಯಾ, ಕುರ್ಚಿಯಿಂದ 5 ಸಲ ಎದ್ದು ಕೂರೋಕೆ 12 ಸೆಕೆಂಡೋ ಅದಕ್ಕಿಂತ ಜಾಸ್ತಿನೋ ಹಿಡಿಯತ್ತಾ ಅಂತ.

ಇನ್ನೊಂದು ಮುಖ್ಯ ವಿಷಯ, ಇದು ಹೋದ್ರೆ ಹೋಯ್ತು ಅನ್ನೋ ಥರದ್ದಲ್ಲ. 1990ರಲ್ಲಿ ವೈದ್ಯೆ ಮರಿಯಾ ಫಿಯಾಟರೋನ್ ತಂಡ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ವೃದ್ಧರಿಗೆ 8 ವಾರ ಭಾರ ಎತ್ತಿಸಿದಾಗ ಕಾಲಿನ ಕಸುವು ಸರಾಸರಿ ಶೇ. 174ರಷ್ಟು ಏರಿತ್ತು. ಮೂಳೆ ಸವೆತ ಅಂದ ಹಾಗೆ ಖಂಡ ಸವೆತ ಅನ್ನಬಹುದು, ಜನಕ್ಕೆ ತಕ್ಷಣ ಅರ್ಥವೂ ಆಗತ್ತೆ, ಆದ್ರೆ ಸವೆದಿದ್ದು ಮತ್ತೆ ತುಂಬ್ಕೊಳ್ಳಲ್ಲ ಅಂತಲೇ ಕೇಳೋರು ಅಂದ್ಕೊಳ್ತಾರೆ, ಕ್ಷಯಕ್ಕೂ ಅದೇ ತೊಂದರೆ.

ಸದ್ಯಕ್ಕೆ ನಾನು "ಮುಪ್ಪಿನ ಕಸುವಿಳಿತ" ಅಂತ ಬರ್ಕೊಂಡಿದೀನಿ, ಇಳಿದಿದ್ದು ಏರಬಹುದು ಅನ್ನೋ ಅರ್ಥ ಅದ್ರಲ್ಲಿ ಉಳಿಯತ್ತೆ. ಆದ್ರೆ ಇದ್ರಲ್ಲಿ ಮಾಂಸಖಂಡದ ಸುದ್ದಿನೇ ಇಲ್ಲ, ಬರೀ ನಿತ್ರಾಣ ಅಂತ ತಿಳ್ಕೊಂಡ್ರೆ ಕಷ್ಟ. ಬೀದರ್, ಧಾರವಾಡ, ಕುಂದಾಪುರ, ಕೊಳ್ಳೇಗಾಲ ಕಡೆಯೋರು ಯಾರಾದ್ರೂ ಇದ್ರೆ ಹೇಳಿ, ಕೂತ್ರೆ ಏಳೋಕಾಗಲ್ಲ, ತೊಡೆಯಲ್ಲಿ ಬಲ ಇಲ್ಲ ಅನ್ನೋದಕ್ಕೆ ನಿಮ್ಮ ಮನೆ ಅಜ್ಜ ಅಜ್ಜಿಯರು ಏನಂತಾರೆ?