ಗರಗಸದ ಬ್ಲೇಡ್, ಮರದ ಅಂಚು ಸವರೋ ರೂಟರ್ ಮಿಷನ್ ಬಿಟ್ ಮೇಲಿನ ಕರಿ ಅಂಟು ತೆಗೆಯೋದು ಹ್ಯಾಂಗ್ರೀ?

ಬಾಚಿ_ಭೋಸರಿ:
ಪ್ಯಾಕಿಂಗ್ ಕೇಸಿನ ಪೈನ್, ಪ್ಲೈವುಡ್ ಕೊಯ್ಯೋ 10 ಇಂಚಿನ ಕಾರ್ಬೈಡ್ ಬ್ಲೇಡು. ಹಲ್ಲಿನ ಎರಡೂ ಪಕ್ಕ ಕರ್ರಗೆ ಮೆತ್ತಿಕೊಂಡಿದೆ, ಕೊಯ್ದಲ್ಲೆಲ್ಲ ಸುಟ್ಟ ಗೆರೆ. ಸನ್‌ಮೈಕಾ ಅಂಚು ಸವರೋ ಫ್ಲಶ್ ಟ್ರಿಮ್ ಬಿಟ್ಟಿಗೂ ಹಳದಿ ಅಂಟು. ಅಂಚು ಸಮ ಬರ್ತಿಲ್ಲ, ಕೂದಲೆಳೆಯಷ್ಟು ಎದ್ದು ನಿಲ್ತದೆ. ಸಾಣೆಗೆ ಕೊಡಬೇಕೋ, ತೊಳೆದರೆ ಸಾಕೋ? ಓವನ್ ಕ್ಲೀನರ್ ಹೊಡೀಬಹುದಾ?

ಉಳಿಪೆಟ್ಟು:
ಮೊದಲು ತೊಳೀರಿ. ಅಂಟು ಕೂತ ಹಲ್ಲು ಮರಕ್ಕೆ ಉಜ್ಜಿ ಬಿಸಿ ಆಗ್ತದೆ, ಆ ಬಿಸಿಗೆ ಇನ್ನಷ್ಟು ರಾಳ ಬೆಂದು ಅಂಟ್ತದೆ. ಹೀಗಾಗಿ ಧಾರ ಇದ್ದರೂ ಮೊಂಡಾದ ಹಂಗೆ ಕಾಣ್ತದೆ.

ಪ್ಲಗ್ ಕಿತ್ತು ಬ್ಲೇಡ್ ಬಿಚ್ಚಿ. 1 ಲೀಟರ್ ಬಿಸಿನೀರಿಗೆ (ಕೈ ತಾಳುವಷ್ಟು ಸಾಕು) 2 ದೊಡ್ಡ ಚಮಚ ವಾಷಿಂಗ್ ಸೋಡಾ, ಪಾತ್ರೆ ತೊಳೆಯೋ ಲಿಕ್ವಿಡ್ ಒಂದು ಚಮಚ. ಪುಣೆ ಅಂಗಡಿಯಲ್ಲಿ ಮರಾಠಿಯಲ್ಲಿ ‘ಧುಣ್ಯಾಚಾ ಸೋಡಾ’ ಅಂತ ಕೇಳಿ. ಬರೀ ಸೋಡಾ ಅಂದರೆ ಅಡುಗೆದು ಕೊಟ್ಟುಬಿಡ್ತಾರೆ, ಅದರ ಕ್ಷಾರ ಸಾಲದು. ಸ್ಟೀಲ್ ಪರಾತದಲ್ಲಿ ಬ್ಲೇಡ್ ಮಲಗಿಸಿ 15–20 ನಿಮಿಷ ನೆನೆಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನ ತಿಂದು ಕಪ್ಪು ಮಾಡ್ತದೆ. ಆಮೇಲೆ ಹಳೇ ಟೂತ್‌ಬ್ರಶ್ ಅಥವಾ ಹಿತ್ತಾಳೆ ಬ್ರಶ್‌ನಿಂದ ತಿಕ್ಕಿ, ಕೈಗೆ ಗ್ಲೌಸ್ ಇರಲಿ. ಸ್ಟೀಲ್ ತಂತಿ ಬ್ರಶ್, ಚಾಕು ತುದಿ ಎರಡೂ ಬೇಡ: ಕಾರ್ಬೈಡ್ ಗಟ್ಟಿ ಹೌದು, ಆದರೆ ಗಾಜಿನ ಹಂಗೆ ಅಂಚು ಚಕ್ಕೆ ಏಳ್ತದೆ. ಅದಕ್ಕೇ ತೊಳೆಯುವಾಗ ಕಬ್ಬಿಣದ ಮೇಜಿನ ಮೇಲೆ ಇಡದೆ ಹಲಗೆ ಮೇಲೆ ಇಡಿ.

ಓವನ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಕಾಸ್ಟಿಕ್, ಅಂದರೆ ಸುಡುವಂಥ ಕ್ಷಾರ. ಅಂಟು ಬಿಡ್ತದೆ, ಜೊತೆಗೆ ಬ್ಲೇಡಿನ ಬಣ್ಣದ ಕೋಟಿಂಗೂ ಹೋಗಬಹುದು, ಕಣ್ಣಿಗೆ ಸಿಡಿದರೆ ಕಥೆ ಮುಗೀತು. ಸೋಡಾ ಸಾಕಾಗುವಾಗ ಅದೇಕೆ?

ತೊಳೆದ ಮೇಲೆ ಹಲ್ಲಿನ ತುದಿ ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಬಿಳಿ ಗೆರೆ ಹೊಳೆದರೆ ಧಾರ ಉರುಳಿದೆ, ಆಗ ಸಾಣೆಗೆ ಕೊಡಿ.

ಕೊಡಲಿಕಾವು:
ಬ್ಲೇಡಿಗೆ ಇದು ಸರಿ ಅಣ್ಣಾ, ಆ ಬಿಟ್ಟಿಗೆ ನಡೆಯಂಗಿಲ್ಲ. ಹಳದಿ ಅಂಟು ಅಂದರೆ ಸನ್‌ಮೈಕಾ ಅಂಟಿಸೋ ರಬ್ಬರ್ ಸೊಲ್ಯೂಷನ್, ಅದು ಮರದ ರಾಳ ಅಲ್ಲ. ಸೋಡಾ ನೀರಿಗೆ ಜಗ್ಗಂಗಿಲ್ಲ. ಬಟ್ಟೆಗೆ ಥಿನ್ನರ್ ಹಚ್ಚಿ ಎರಡು ನಿಮಿಷ ಸುತ್ತಿಟ್ಟರೆ ಮೆತ್ತಗಾಗಿ ಉಂಡೆ ಉಂಡೆಯಾಗಿ ಬರ್ತದೆ. ಕಿಟಕಿ ತೆರೆದಿರಲಿ, ಬೀಡಿ, ಗ್ರೈಂಡರ್ ಕಿಡಿ ಹತ್ತಿರ ಬೇಡ.

ಅದಕ್ಕೂ ಮುಂಚೆ ಅಲೆನ್ ಕೀಯಿಂದ ಬಿಟ್ಟಿನ ಬೇರಿಂಗ್ (ಹಲಗೆ ಅಂಚಿಗೆ ತಾಗಿ ಉರುಳೋ ಚಕ್ರ) ಬಿಚ್ಚಿ. ವಾಷರ್ ಇದ್ದರೆ ಯಾವ ಕ್ರಮದಲ್ಲಿ ಬಂತೋ ಹಂಗೇ ಸಾಲಾಗಿ ಇಡಿ. ಬೇರಿಂಗ್‌ನ ಥಿನ್ನರ್‌ನಲ್ಲಾಗಲೀ ಸೋಡಾದಲ್ಲಾಗಲೀ ಮುಳುಗಿಸಬ್ಯಾಡ್ರೀ, ಒಳಗಿನ ಗ್ರೀಸ್ ತೊಳೆದು ಹೋದರೆ ಅಷ್ಟು ವೇಗಕ್ಕೆ ಜಾಮ್ ಆಗ್ತದೆ. ಹೊರಮೈ ಮಾತ್ರ ಥಿನ್ನರ್ ಬಟ್ಟೆಯಿಂದ ಒರೆಸಿ.

ನಿಮ್ಮ ಅಂಚು ಎದ್ದು ನಿಲ್ಲೋ ತೊಂದರೆ ಅಲ್ಲೇ ಇರೋದು. ಫ್ಲಶ್ ಟ್ರಿಮ್‌ನಲ್ಲಿ ಬೇರಿಂಗೂ ಕಟ್ಟರೂ ಒಂದೇ ಅಳತೆ. ಬೇರಿಂಗ್ ಸುತ್ತ 0.2 ಮಿ.ಮೀ. ದಪ್ಪ ಅಂಟು ಕೂತರೆ ಬಿಟ್ ಅಷ್ಟೇ ದೂರ ಸರೀತದೆ, ಸನ್‌ಮೈಕಾ 0.2 ಮಿ.ಮೀ. ಹೊರಗೆ ಉಳೀತದೆ. ಬೆರಳಿಂದ ತಿರುಗಿಸಿ: ಕರಕರ ಅಂದರೆ ಅದೇ ಅಳತೆಯ ಹೊಸದು ಹಾಕಿ.

ಬಾಚಿ_ಭೋಸರಿ:
ಬೇರಿಂಗ್ ಮ್ಯಾಲೆ ಉಗುರಿಂದ ಕೆರೆದೆ, ಪದರು ಬಂತು! ಬಿಟ್, ಅದನ್ನ ಕಚ್ಚಿ ಹಿಡಿಯೋ ಕೊಲೆಟ್‌ನಲ್ಲಿ ಕೆಳಗೆ ಜಾರ್ತದೆ, ಅದಕ್ಕೂ ಅಂಟೇ ಕಾರಣವಾ?

ಉಳಿಪೆಟ್ಟು:
ಹೆಚ್ಚಾಗಿ ಹೌದು. ಶ್ಯಾಂಕ್ (ಬಿಟ್ಟಿನ ಕಡ್ಡಿ ಭಾಗ) ಥಿನ್ನರ್ ಬಟ್ಟೆಯಿಂದ ಒರೆಸಿ, ಕೊಲೆಟ್ ಒಳಗೆ ಮತ್ತು ಅದರ ಸೀಳುಗಳಲ್ಲಿ ಸಣ್ಣ ಹಿತ್ತಾಳೆ ಬ್ರಶ್ ಆಡಿಸಿ. ಅಲ್ಲಿ ಎಣ್ಣೆ ಒಂದು ಹನಿಯೂ ಬೇಡ. ಬಿಟ್ ತಳ ಮುಟ್ಟಿಸಿ 2–3 ಮಿ.ಮೀ. ಮೇಲೆತ್ತಿ ಬಿಗಿ ಮಾಡಿ. ಎಲ್ಲಾ ಆದ ಮೇಲೂ ಜಾರಿದರೆ ಕೊಲೆಟ್ ಸವೆದಿದೆ, ಬದಲಿಸಿ.

ಕೊಡಲಿಕಾವು:
ಜೂನ್‌ನಿಂದ ಸೆಪ್ಟೆಂಬರ್ ತನಕ ಒಂದು ಮಾತು ನೆನಪಿರಲಿ. ತೊಳೆದ ಬ್ಲೇಡ್ ಹಂಗೇ ಬಿಟ್ಟರೆ ಪುಣೆಯ ಮಳೆ ಹವಾಕ್ಕೆ ರಾತ್ರಿ ಕಳೆಯೋದ್ರೊಳಗೆ ತುಕ್ಕು. ಒರೆಸಿ, ಹೇರ್ ಡ್ರೈಯರ್ ಹಿಡಿದು, ಹೊಲಿಗೆ ಮಿಷನ್ ಎಣ್ಣೆ ತೆಳ್ಳಗೆ ಸವರಿ. ಕೆಲಸಕ್ಕೆ ಹಾಕುವ ಮುಂಚೆ ಆ ಎಣ್ಣೆ ಒರೆಸಿ ತೆಗೀರಿ, ಇಲ್ಲಾಂದ್ರೆ ಮರಕ್ಕೆ ಹತ್ತಿ ಆ ಜಾಗದಲ್ಲಿ ಪಾಲಿಶ್ ಕೂರಂಗಿಲ್ಲ.